ಬಾಲ ಕೊಯ್ಯುವ ನಾಗರಿಕತೆ

ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಅದರ ಡೊಂಕು ಹೋಗದೆಂದು ನಮ್ಮ ಹಿರಿಯರು ಹೇಳಿದರು. ಡೊಂಕು ಹೋಗದಿದ್ದರೆ ಬಾಲವನ್ನೇ ಕೊಯ್ದುಬಿಡಿರೆಂದು ಅವರಾರೂ ಹೇಳಲಿಲ್ಲ. ಆ ಬುದ್ಧಿ ಈ ಬೆಟ್ಟಕ್ಕೆ ಬಂಗಲೆ, ಬೇಟೆಗಳೊಡನೆ ಹೊರಗಿನಿಂದ ಬಂದುದು. ಉದಕಮಂಡಲದ ಸರಕಾರಿ ಕಲಾ ಕಾಲೇಜಿನ ಮೈದಾನದಲ್ಲಿ ಮೇ ತಿಂಗಳಲ್ಲಿ ನಡೆಯುವ ಶ್ವಾನಪ್ರದರ್ಶನವನ್ನು ನೋಡಿಬಂದ ವಾಚಕರಲ್ಲಿ ಅನೇಕರು, ಡಾಬರ್‌ಮನ್ ಬಾಕ್ಸರ್‌ಗಳು ಮೋಟುಬಾಲದೊಡನೆಯೇ ಹುಟ್ಟುತ್ತವೆಂದು ತಿಳಿದಿರುವುದುಂಟು. ನಾವೂ ಹಾಗೆಯೇ ತಿಳಿದಿದ್ದೆವು. ನಾವು ಸಾಕಿದ ಮೊದಲ ಮರಿಯ ಮೋಟನ್ನು ‘ಜಾತಿಲಕ್ಷಣ’ವೆಂದು ಬಂದವರಿಗೆಲ್ಲ ತೋರಿಸಿ ಹೆಮ್ಮೆಪಟ್ಟೆವು. ಅದರ ತುದಿಯನ್ನು ಮುಟ್ಟಿದಾಗಲೆಲ್ಲ ಮರಿ ಏಕೆ ಚೀರುತ್ತಿದ್ದಿತೆಂದು ಮಾತ್ರ ಕೇಳಲಿಲ್ಲ. ಆ ಕೇಳದಿದ್ದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮರಿ ಹುಟ್ಟಿದ ಮೂರು, ನಾಲ್ಕು ಅಥವಾ ಐದನೆಯ ದಿನ, ಅದು ಇನ್ನೂ ಕಣ್ಣು ತೆರೆಯುವ ಮೊದಲೇ, ಕತ್ತರಿಯಿಂದಲೋ ಬಿಗಿಯಾದ ರಬ್ಬರು ಉಂಗುರದಿಂದಲೋ ಬಾಲವನ್ನು ತೆಗೆಯುತ್ತಾರೆ. ಅರಿವಳಿಕೆ ಕೊಡುವ ವಾಡಿಕೆಯಿಲ್ಲ. ಬಾಲವೆಂದರೆ ಕೂದಲಿನ ಕುಚ್ಚಲ್ಲ. ಅದು ಬೆನ್ನೆಲುಬಿನ ಮುಂದುವರಿಕೆ. ಅದರಲ್ಲಿ ಮೂಳೆಯುಂಟು, ಸ್ನಾಯುವುಂಟು, ನರವುಂಟು. ಕಡಿದ ನರದ ತುದಿಯಲ್ಲಿ ಗಂಟು ಬೆಳೆದು ನೋವು ಉಳಿಯುವುದೂ ಉಂಟು. ಎಳೆಯ ಮರಿಗೆ ನೋವೇ ತಿಳಿಯದೆಂದು ವಾದಿಸುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ 50 ಮರಿಗಳನ್ನು ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐವತ್ತೂ ಮರಿಗಳು ಕತ್ತರಿಯ ಕೆಳಗೆ ಚೀರಿದವು. ಇದಕ್ಕಿಂತ ಸ್ಪಷ್ಟವಾಗಿ ಅವು ಹೇಗೆ ಹೇಳಬೇಕು?

ಇನ್ನು ಈ ಪದ್ಧತಿಗೆ ಕೊಡುವ ಕಾರಣಗಳನ್ನು ಒಂದೊಂದಾಗಿ ನೋಡೋಣ. ಅತಿ ಹಳೆಯದು ಹುಚ್ಚಿನ ಭಯ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಕೃಷಿಗ್ರಂಥಕಾರ ಕೊಲುಮೆಲ್ಲನು, ಮರಿಯ ನಲವತ್ತನೆಯ ದಿನ ಬಾಲದ ತುದಿಗೆಣ್ಣನ್ನು ಹಲ್ಲಿನಿಂದ ಕಚ್ಚಿ ನರವನ್ನು ಎಳೆದುಹಾಕಿದರೆ ನಾಯಿಗೆ ಹುಚ್ಚು ಹಿಡಿಯದೆಂಬ ಕುರುಬರ ನಂಬಿಕೆಯನ್ನು ಬರೆದಿಟ್ಟಿದ್ದಾನೆ. ಆ ಕುರುಬರನ್ನು ನಾವು ಹಳಿಯುವುದಿಲ್ಲ. ಅವರಿಗೆ ಲಸಿಕೆ ತಿಳಿದಿರಲಿಲ್ಲ. ನಮ್ಮ ಕೂನೂರಿನಲ್ಲಾದರೋ 1907ರಲ್ಲಿಯೇ ಪಾಶ್ಚರ್ ಸಂಸ್ಥೆ ಸ್ಥಾಪಿತವಾಗಿ, ಹುಚ್ಚುನಾಯಿಯ ಕಡಿತಕ್ಕೆ ಲಸಿಕೆಯನ್ನು ತಯಾರಿಸಿ ಎಷ್ಟೋ ಜೀವಗಳನ್ನು ಉಳಿಸಿತು. ಲಸಿಕೆಯ ಕಾರ್ಖಾನೆಯ ನೆರೆಯಲ್ಲಿದ್ದುಕೊಂಡು, ಅದಕ್ಕೂ ಹಿಂದಿನ ಮೂಢನಂಬಿಕೆಯ ಗಾಯವನ್ನು ಅಲಂಕಾರವೆಂದು ಸಾಕುವುದು ಯಾವ ವಿವೇಕ?

ಎರಡನೆಯದು ತೆರಿಗೆಯ ಕಥೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಾಲ ಕತ್ತರಿಸಿದ ದುಡಿಮೆಯ ನಾಯಿಗೆ ಕರವಿರಲಿಲ್ಲವೆಂಬ ಪ್ರತೀತಿಯಿದೆ. ಅದು ದಿಟವೇ ಇರಲಿ. ಕರ ಹೋಯಿತು, ಕತ್ತರಿ ಉಳಿಯಿತು.

ಮೂರನೆಯದು ಸ್ವಲ್ಪ ಗಟ್ಟಿಯಾದ ವಾದ: ಪೊದೆಗಳಲ್ಲಿ ನುಗ್ಗುವ ಬೇಟೆನಾಯಿಯ ಬಾಲ ಗಾಯಗೊಳ್ಳುವುದೆಂಬುದು. ಇದಕ್ಕೆ ಉತ್ತರ ನಮ್ಮ ವೆನ್‌ಲಾಕ್ ಡೌನ್ಸಿನ ಹುಲ್ಲುಗಾವಲಿನಲ್ಲಿಯೇ ಇದೆ. ಊಟಿ ಹಂಟ್ ಎಂಬ ಬೇಟೆಯಲ್ಲಿ ನರಿಗಳ ಬೆನ್ನಟ್ಟಿ ಓಡಿದ ಫಾಕ್ಸ್‌ಹೌಂಡ್ ಜಾತಿಗೆ ಪೂರ್ಣ ಬಾಲವುಂಟು. ಅದನ್ನು ಕತ್ತರಿಸುವ ರೂಢಿ ಇಂಗ್ಲೆಂಡಿನಲ್ಲಿಯೂ ಇಲ್ಲ. ಬ್ರಿಟನ್ನಿನಲ್ಲಿ 1,38,212 ನಾಯಿಗಳ ಚಿಕಿತ್ಸಾದಾಖಲೆಗಳನ್ನು ಶೋಧಿಸಿ 2010ರಲ್ಲಿ ಪ್ರಕಟಿಸಿದ ವರದಿಯಂತೆ ಬಾಲದ ಗಾಯಗಳು ಕೇವಲ 281. ಒಂದು ಗಾಯವನ್ನು ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕೊಯ್ಯಬೇಕಾದೀತು. ಸ್ಕಾಟ್ಲೆಂಡು ತನ್ನ ಸಂಪೂರ್ಣ ನಿಷೇಧವನ್ನು 2017ರಲ್ಲಿ ಸಡಿಲಿಸಿತೆಂದು ಪ್ರತಿಪಕ್ಷದವರು ತೋರಿಸಬಹುದು. ಅದು ಬೇಟೆಗೆ ದುಡಿಯುವ ಸ್ಪ್ಯಾನಿಯಲ್ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ, ಅದೂ ಬಾಲದ ಕೊನೆಯ ಮೂರನೆಯ ಒಂದು ಭಾಗವನ್ನು ಮೀರದಂತೆ ಕೊಟ್ಟ ವಿನಾಯಿತಿ. ನಮ್ಮ ಪಡಸಾಲೆಯ ಕಂಬಳಿಯ ಮೇಲೆ ಮಲಗಿ ಬಿಸ್ಕತ್ತು ತಿನ್ನುವ ನಾಯಿ ಯಾವ ಪೊದೆಗೆ ನುಗ್ಗುತ್ತದೆ?

ಕಾರಣಗಳೆಲ್ಲ ಸತ್ತಮೇಲೆ ಉಳಿಯುವುದು ನೋಟದ ಚಟವೊಂದೇ. ಆ ಚಟಕ್ಕಾಗಿ ನಾವು ಕೊಯ್ಯುವುದಾದರೂ ಏನನ್ನು? ನಾಯಿಯ ಮಾತನ್ನು. ಮಸಿನಗುಡಿಯಿಂದ ತೆಪ್ಪಕಾಡಿಗೆ ಹೋಗುವ ದಾರಿಯಲ್ಲಿ ಸೀಳುನಾಯಿಗಳ ಹಿಂಡನ್ನು ಕಂಡವರು ಅವುಗಳ ಕಪ್ಪು ಪೊದೆಬಾಲ ಏಳುವುದನ್ನೂ ಇಳಿಯುವುದನ್ನೂ ನೋಡಿರುತ್ತಾರೆ. ಸ್ನೇಹ, ಭಯ, ಸಿಟ್ಟುಗಳನ್ನು ನಾಯಿಯ ಕುಲ ಬಾಲದಿಂದ ನುಡಿಯುತ್ತದೆ. ಕೆನಡಾದ ಇಬ್ಬರು ಸಂಶೋಧಕರು ಯಂತ್ರದ ನಾಯಿಗೆ ಒಮ್ಮೆ ಉದ್ದ ಬಾಲವನ್ನೂ ಒಮ್ಮೆ ಮೋಟುಬಾಲವನ್ನೂ ಜೋಡಿಸಿ, ಇತರ ನಾಯಿಗಳು ಅದರ ಬಳಿ ಹೇಗೆ ಬರುತ್ತವೆಂದು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಉದ್ದ ಬಾಲವು ಆಡುತ್ತಿದೆಯೋ ನೆಟ್ಟಗೆ ನಿಂತಿದೆಯೋ ಎಂಬುದನ್ನು ದೊಡ್ಡ ನಾಯಿಗಳು ಗುರುತಿಸಿ ನಡೆದುಕೊಂಡವು; ಮೋಟುಬಾಲದಲ್ಲಿ ಆ ಭೇದ ಅವುಗಳಿಗೆ ತೋರಲಿಲ್ಲ. ಬಾಲ ಕೊಯ್ದ ನಾಯಿ ತನ್ನವರ ನಡುವೆಯೇ ಅರೆಮೂಕವಾಗುತ್ತದೆ. ತಾಯ್ನುಡಿಗಾಗಿ ಪರರಾಜ್ಯದಲ್ಲಿ ಸಂಘ ಕಟ್ಟಿಕೊಂಡಿರುವ ನಾವು ಮೂಕತನದ ನೋವನ್ನು ಅರಿಯದವರೆ?

ಕಾನೂನಿನ ಮಾತೂ ಇದೆ. 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮವು ಅಂಗಚ್ಛೇದವನ್ನು ಹಿಂಸೆಯೆಂದು ಎಣಿಸುತ್ತದೆ. ದನದ ಕೊಂಬು ತೆಗೆಯುವುದು, ಮೂಗುದಾರ ಹಾಕುವುದು ಮೊದಲಾದವಕ್ಕೆ ಅದರಲ್ಲಿ ಬಿಡುವುಂಟು, ಬಾಲಕ್ಕೆ ಇಲ್ಲ. 2011ರಲ್ಲಿ ಭಾರತೀಯ ಪಶುವೈದ್ಯ ಪರಿಷತ್ತು ಈ ಕೆಲಸವನ್ನು ನಿಷೇಧಿಸಿತು. 2013ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ನಿಷೇಧವನ್ನು ತಳ್ಳಿಹಾಕಿತು. ನಾರ್ವೆ 1987ರಲ್ಲಿಯೇ ಇದನ್ನು ನಿಲ್ಲಿಸಿತು. ಇಂಗ್ಲೆಂಡು 2006ರ ಕಾಯಿದೆಯಿಂದ ದುಡಿಮೆಯ ನಾಯಿಗಳ ಹೊರತು ಉಳಿದವಕ್ಕೆ ನಿಲ್ಲಿಸಿತು. ಕಲಿಸಿದವರೇ ಬಿಟ್ಟ ಪಾಠವನ್ನು ನಾವು ಉರುಹೊಡೆಯುತ್ತಿರುವುದು ನಗೆಗೇಡು.

ನ್ಯಾಯಾಲಯದ ತೀರ್ಪಿಗಾಗಿ ಕಾಯಬೇಕಾದುದಿಲ್ಲ. ಕತ್ತರಿಯನ್ನು ನಡೆಯಿಸುವುದು ಕೊಳ್ಳುವವನ ಹಣ. ನಮ್ಮ ಮುಧೋಳ ನಾಯಿಯ ಉದ್ದ ಬಾಲವನ್ನು ಯಾರೂ ಮುಟ್ಟಲಿಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿಯನ್ನೇ ಹೊರಡಿಸಿತು. ಬಾಲವಿದ್ದುದರಿಂದ ಅದರ ಮಾನವೇನೂ ಕುಂದಲಿಲ್ಲ. ಈ ಬೆಟ್ಟದ ಕನ್ನಡಿಗರಲ್ಲಿ ನಮ್ಮ ಬಿನ್ನಹ ಇಷ್ಟೆ: ಮರಿಯನ್ನು ಕೊಳ್ಳಲು ಹೋದಾಗ ಮೊದಲು ಅದರ ಹಿಂಭಾಗವನ್ನು ನೋಡಿರಿ; ಬಾಲವನ್ನು ಕತ್ತರಿಸಿದ್ದರೆ ಕಾರಣವನ್ನು ಕೇಳಿರಿ; ಉತ್ತರ ಬಾರದಿದ್ದರೆ ಬರಿಗೈಯಲ್ಲಿ ಹಿಂದಿರುಗಿರಿ. ನಾವು ಆ ದಿನ ಹಾಗೆ ಹಿಂದಿರುಗಲಿಲ್ಲ. ನಮ್ಮ ನಾಯಿ ಹನ್ನೊಂದು ವರ್ಷ ಬಾಗಿಲಲ್ಲಿ ನಮ್ಮನ್ನು ಎದುರುಗೊಂಡಿತು, ಸೊಂಟವನ್ನೇ ಆಡಿಸುತ್ತ. ಆಡಿಸಲು ಬೇರೇನನ್ನೂ ನಾವು ಅದಕ್ಕೆ ಉಳಿಸಿರಲಿಲ್ಲ.