ಉಪ್ಪಿನಲ್ಲಿ ಬಾಳುವ ಕುಲ

ಡೋಣಿ ಹೊಳೆಯ ನೀರಿನ ಉಪ್ಪುರುಚಿಯನ್ನು ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಉಪ್ಪಿನಕಾಯಿಯ ಭರಣಿಗೆ ಗೃಹಿಣಿಯರು ಧಾರಾಳವಾಗಿ ಉಪ್ಪು ಸುರಿಯುವುದೂ ಸಕಾರಣವೇ. ಕೊಳೆಸುವ ಸೂಕ್ಷ್ಮಜೀವಿಗಳ ಒಡಲಿನ ನೀರನ್ನು ಉಪ್ಪು ಹೊರಗೆಳೆದು ಅವುಗಳನ್ನು ಅಡಗಿಸುತ್ತದೆ. ಇದನ್ನೇ ಆಧಾರವಾಗಿಟ್ಟುಕೊಂಡು ನಾನು ಅನೇಕ ವರ್ಷ, "ಗಡುಸಾದ ಉಪ್ಪುನೀರಿನಲ್ಲಿ ಜೀವವಿರದು" ಎಂದು ವಿದ್ಯಾರ್ಥಿಗಳಿಗೆ ಕಲಿಸಿದೆನು. ಆ ಪಾಠವನ್ನು ಈಗ ತಿದ್ದಿಕೊಳ್ಳಬೇಕಾಗಿದೆ.

2020ರ ಜೂನ್ ತಿಂಗಳಿನಲ್ಲಿ ನೆರೆಯ ಮಹಾರಾಷ್ಟ್ರದ ಲೋಣಾರ ಸರೋವರವು ಗುಲಾಬಿ ಬಣ್ಣಕ್ಕೆ ತಿರುಗಿತು. ಪುಣೆಯ ಆಘಾರಕರ ಸಂಶೋಧನ ಸಂಸ್ಥೆಯವರು ಆ ನೀರನ್ನು ಪರೀಕ್ಷಿಸಿ, ಅದು ಲವಣಪ್ರಿಯವಾದ 'ಆರ್ಕಿಯಾ' ಎಂಬ ಸೂಕ್ಷ್ಮಜೀವಿಗಳ ಮೈಬಣ್ಣವೆಂದು ಕಂಡುಕೊಂಡರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪುಂಟು. ಅದರ ಮೂರು ನಾಲ್ಕು ಪಟ್ಟು ಇದ್ದರೇ ಈ ಕುಲದ ಬಹುಪಾಲಿಗೆ ಸುಖ. ಪೊಟ್ಯಾಸಿಯಂ ಲವಣವನ್ನು ತಮ್ಮ ಒಡಲಲ್ಲಿಯೇ ತುಂಬಿಕೊಂಡಿರುವುದರಿಂದ ಹೊರಗಿನ ಉಪ್ಪು ಅವುಗಳ ನೀರನ್ನು ಸೆಳೆಯಲಾರದು. ಸಿಹಿನೀರಿನಲ್ಲಿ ಬಿಟ್ಟರೋ, ಅವುಗಳಲ್ಲಿ ಅನೇಕವು ಒಡೆದು ಸಾಯುತ್ತವೆ!

ನೆಲೆ ಬೇರೆಯಾದಂತೆ ಬಗೆಯೂ ಬೇರೆ. ಲೋಣಾರದವು ಕ್ಷಾರವನ್ನು ಸಹಿಸುತ್ತವೆ. ಮೃತಸಮುದ್ರದವು ಮೆಗ್ನೀಸಿಯಂ ಲವಣಕ್ಕೆ ಅಂಜವು. ಸಿನಾಯಿ ಪ್ರದೇಶದ ಉಪ್ಪುಹೊಂಡದಲ್ಲಿ 1980ರಲ್ಲಿ ವಾಲ್ಸ್‌ಬಿ ಎಂಬ ವಿಜ್ಞಾನಿ ಕಂಡವು ಚೌಕಾಕಾರದವು. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಎಂಬ ಪಂಡಿತರು ಬ್ಯಾಕ್ಟೀರಿಯಗಳಿಂದ ಭಿನ್ನವಾದ ಆರ್ಕಿಯಾ ವಂಶವನ್ನು ಗುರುತಿಸಿದರು. ಲವಣಪ್ರಿಯಗಳೂ ಅದರ ಶಾಖೆಯೇ. ಇವುಗಳ ಪೂರ್ವಜರು ಪ್ರಾಣವಾಯುವಿಲ್ಲದೆಡೆ ಬಾಳಿದ, ಮೀಥೇನ್ ಅನಿಲವನ್ನು ಉತ್ಪಾದಿಸುವ ಜೀವಿಗಳೆಂದು ವಿದ್ವಾಂಸರ ಮತ. ಕಾಲಾಂತರದಲ್ಲಿ ಬ್ಯಾಕ್ಟೀರಿಯಗಳಿಂದ ಅನೇಕ ವಂಶವಾಹಿಗಳನ್ನು ಪಡೆದು, ಇವು ಗಾಳಿಯಲ್ಲಿ ಉಸಿರಾಡಲು ಕಲಿತವು. ಕಡ ತಂದ ವಿದ್ಯೆಯೂ ಮನೆತನವನ್ನು ಉದ್ಧರಿಸಬಲ್ಲುದು!

ಇದನ್ನೋದಿ, ಉಪ್ಪಿಗೆ ಎಲ್ಲವೂ ಹೊಂದಿಕೊಂಡೀತೆಂದು ಯಾರೂ ನಿಶ್ಚಿಂತರಾಗಬಾರದು. ಇಂಡಿ, ಸಿಂದಗಿಯ ಎರೆಹೊಲಗಳಿಗೆ ಕಾಲುವೆಯ ನೀರನ್ನು ಮಿತಿಮೀರಿ ಹಾಯಿಸಿ, ಬಸಿದುಹೋಗಲು ದಾರಿ ಬಿಡದಿದ್ದರೆ, ನೆಲದೊಳಗಿನ ಲವಣವು ಮೇಲೆದ್ದು ಭೂಮಿ ಸವುಳಾಗುತ್ತದೆ. ಆ ಸೂಕ್ಷ್ಮಜೀವಿಗಳಿಗೆ ಹೊಂದಿಕೊಳ್ಳಲು ಕೋಟ್ಯಂತರ ವರ್ಷಗಳ ಅವಕಾಶ ದೊರೆಯಿತು. ನಮ್ಮ ಜೋಳಕ್ಕೆ ಒಂದು ಹಿಂಗಾರಿಯಷ್ಟೇ. ಆದುದರಿಂದ ಮಡೆಗೆ ನೀರು ತಿರುವುವ ಮುನ್ನ ಬಸಿಗಾಲುವೆಯನ್ನು ತೋಡುವುದೇ ಜಾಣತನ.