ಕರೆಂಟ್ ಬೇಡದ ಬೇಸ್ ಗಿಟಾರ್: ತಪ್ಪು ಹುಡುಗನ ಕೈಯದ್ದಲ್ಲ

ಹೋದ ವರ್ಷ ರಾಗಿ ಕುಯ್ಲು ಮುಗಿದ ಮೇಲೆ ನಮ್ಮ ಹಾಡಿನ ತಂಡದ ಎಂಟು ಜನ ತಲೆಗೆ 2,000 ರೂಪಾಯಿ ಹಾಕಿ, 16,000ಕ್ಕೆ ಒಂದು ಅಕೂಸ್ಟಿಕ್ ಬೇಸ್ ಗಿಟಾರ್ ತಂದೆವು. ತಂಡದಲ್ಲಿ ಒಬ್ಬರು ಟೈಲರ್, ಇಬ್ಬರು ಗಾರೆ ಕೆಲಸದವರು, ಒಬ್ಬ ಆಟೋ ಓಡಿಸುತ್ತಾನೆ, ಒಬ್ಬರು ಆಶಾ ಕಾರ್ಯಕರ್ತೆ. ನಾನು ಪತ್ರಿಕೆಗೆ ಸುದ್ದಿ ಕಳಿಸುವವನು. ಯಾರ ಮನೆಯಲ್ಲೂ 2,000 ರೂಪಾಯಿ ಸುಮ್ಮನೆ ಬಿದ್ದಿರುವುದಿಲ್ಲ.

ಕುಡಿತ, ಬಾಲ್ಯವಿವಾಹದ ಬಗ್ಗೆ ಬೀದಿ ನಾಟಕ ಆಡುವ ಮುಂಚೆ ನಾವು ಅರಳಿಕಟ್ಟೆಯ ಹತ್ತಿರ ನಿಂತು ಹಾಡುತ್ತೇವೆ. ಎರಡು ಗಿಟಾರ್, ಒಂದು ತಮಟೆ, ಒಂದು ಕಂಜೀರ, ಉಳಿದದ್ದು ಗಂಟಲು. ಮೈಕ್ ಇಟ್ಟುಕೊಂಡಿಲ್ಲ. ಮೈಕ್ ಅಂದರೆ ಬಾಡಿಗೆ, ಕರೆಂಟ್, ಮೇಲೆ ಅನುಮತಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕ ಹಾಕಲು ಲಿಖಿತ ಅನುಮತಿ ಬೇಕು. ದಿನಕ್ಕೆ ಮೂರು ಊರು ಸುತ್ತುವವರಿಗೆ ಅದು ಆಗುವ ಮಾತಲ್ಲ.

ಹಾಡಿಗೆ ತಳ ಇಲ್ಲ, ಬೇಸ್ ಬೇಕು ಅಂತ ಆಸೆ ಹುಟ್ಟಿತು. "ಅಕೂಸ್ಟಿಕ್ ತಗೊಂಡ್ರೆ ಕರೆಂಟೇ ಬೇಡ" ಅಂತ ಹೇಳಿದವನು ನಾನೇ. ಅಂಗಡಿಯವರೂ ಅದನ್ನೇ ಹೇಳಿದರು. ನುಡಿಸಲು ಸೈಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾ ಬಿ.ಕಾಂ. ಓದುವ ಹುಡುಗನೊಬ್ಬ ಸಿಕ್ಕಿದ. ಫೋನ್ ನೋಡಿಕೊಂಡೇ ಎರಡು ತಿಂಗಳಲ್ಲಿ ಕಲಿತ.

ಮೊದಲ ದಿನ ಮೂವತ್ತು ನಲವತ್ತು ಜನ ಸೇರಿದ್ದರು. ಹುಡುಗ ಬೆವರು ಸುರಿಸಿ ನುಡಿಸುತ್ತಿದ್ದ. ಬೆರಳು ಆಡುವುದು ಕಾಣುತ್ತಿತ್ತು, ಸದ್ದು ಮಾತ್ರ ಇಲ್ಲ. ಮುಂದೆ ಕೂತ ಅಜ್ಜಿಯೊಬ್ಬರು "ಆ ಹುಡ್ಗ ಸುಮ್ನೆ ಹಿಡ್ಕಂಡು ನಿಂತವ್ನಾ?" ಅಂತ ಕೇಳಿದರು. ಮುಗಿದ ಮೇಲೆ ತಂಡದ ಹಿರಿಯರು ಎಲ್ಲರ ಎದುರೇ "ಏನೋ, ಕೈಯಲ್ಲಿ ಶಕ್ತಿ ಇಲ್ವಾ? ಜೋರಾಗಿ ಹೊಡಿ" ಅಂದರು. ಮುಂದಿನ ಊರಿನಲ್ಲಿ ಅವನು ಜೋರಾಗಿಯೇ ಹೊಡೆದ. ತಂತಿ ಮರಕ್ಕೆ ಬಡಿದು ಚಟಚಟ ಅಂದಿತು, ಬೆರಳಲ್ಲಿ ಬೊಬ್ಬೆ ಎದ್ದು ಒಡೆಯಿತು, ಆಗಲೂ ಕೇಳಿಸಲಿಲ್ಲ. ಆಮೇಲೆ ಎರಡು ವಾರ ಹುಡುಗ ತಂಡದ ಕಡೆ ತಲೆ ಹಾಕಲಿಲ್ಲ.

ತಪ್ಪು ಅವನದ್ದಲ್ಲ, ನನ್ನದು. ವಾದ್ಯದಿಂದ ಆಗದ ಕೆಲಸವನ್ನು ಹುಡುಗನಿಂದ ಕೇಳಿದೆವು. ಬೇರೆ ತಂಡದವರು ದುಡ್ಡನ್ನೂ ಒಬ್ಬ ಹುಡುಗನ ಉತ್ಸಾಹವನ್ನೂ ಹೀಗೆ ಹಾಳು ಮಾಡಿಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ತಗ್ಗಿನ ಸದ್ದು ಯಾಕೆ ಕೇಳಿಸುವುದಿಲ್ಲ?

ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಫೋನಿನಲ್ಲಿ ಯಾವುದಾದರೂ ಸಿನಿಮಾ ಹಾಡನ್ನು ಸ್ಪೀಕರಿನಲ್ಲೇ ಹಾಕಿ. ಮಾತು ಕೇಳುತ್ತೆ, ಕೊಳಲು ಕೇಳುತ್ತೆ. ಈಗ ಅದೇ ಹಾಡನ್ನು ಇಯರ್‌ಫೋನಿನಲ್ಲಿ ಕೇಳಿ. ಇದುವರೆಗೆ ಇಲ್ಲದ ಒಂದು ದುಂಡನೆಯ ಸದ್ದು ಕೆಳಗಿನಿಂದ ಬರುತ್ತೆ. ಅದೇ ಬೇಸ್. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಗಾಳಿಯನ್ನು ಅಲುಗಾಡಿಸುವ ತಾಕತ್ತಿಲ್ಲ.

ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಮಾಮೂಲಿ ಗಿಟಾರಿನ ದಪ್ಪ ತಂತಿ ಸುಮಾರು 82 ಸಲ, ಸರಿಯಾಗಿ ಎರಡರಷ್ಟು. 41ರ ಆ ಸದ್ದಿನ ಒಂದು ಅಲೆಯ ಉದ್ದ ಗಾಳಿಯಲ್ಲಿ 8 ಮೀಟರಿಗೂ ಹೆಚ್ಚು, ಅಂದರೆ ಸುಮಾರು 27 ಅಡಿ. ಅಷ್ಟು ಉದ್ದದ ಅಲೆಯನ್ನು ಎಬ್ಬಿಸಬೇಕಾದರೆ ವಾದ್ಯದ ಮರ ಅಗಲವಾಗಿರಬೇಕು, ಹೊಟ್ಟೆಯೊಳಗೆ ಗಾಳಿ ತುಂಬಾ ಇರಬೇಕು.

ಜೊತೆಗೆ ನಮ್ಮ ಕಿವಿಯದ್ದೂ ಒಂದು ಪಕ್ಷಪಾತ ಇದೆ. ಮನುಷ್ಯರ ಮಾತಿನ ಎತ್ತರದ ಸದ್ದು ಎಷ್ಟು ಸಣ್ಣಗಿದ್ದರೂ ಅದಕ್ಕೆ ಕೇಳುತ್ತೆ. ಆದರೆ 40ರ ಆಸುಪಾಸಿನ ತಗ್ಗು ಸದ್ದು ಬರೀ ಕಿವಿಗೆ ಬೀಳಬೇಕಾದರೂ ಸುಮಾರು 50 ಡೆಸಿಬೆಲ್ ಇರಬೇಕು. ಪಕ್ಕದಲ್ಲಿ ತಮಟೆ ಬಾರಿಸುತ್ತಿದ್ದರೆ ಇನ್ನೂ ಎಷ್ಟೋ ಹೆಚ್ಚು ಬೇಕು.

ಹಾಗಾದರೆ ಡೊಳ್ಳು ಹೇಗೆ ಊರಾಚೆಗೂ ಕೇಳುತ್ತೆ ಅಂತ ನೀವು ಕೇಳಬಹುದು. ಡೊಳ್ಳು ನೋಡಿ: ಅಗಲವಾದ ಚರ್ಮ, ದೊಡ್ಡ ಹೊಟ್ಟೆ, ಮೇಲೆ ಕೋಲಿನ ಪೆಟ್ಟು. ತಗ್ಗಿನ ಸದ್ದಿಗೆ ಏನು ಬೇಕೋ ಅದೆಲ್ಲ ಅದರಲ್ಲಿದೆ. ಡೊಳ್ಳು ಮಾಡುವವರಿಗೆ ಇದನ್ನು ಯಾರೂ ಪುಸ್ತಕ ಓದಿಸಿ ಹೇಳಿಕೊಟ್ಟಿಲ್ಲ.

ಅಂಗಡಿಯಲ್ಲಿ ಸಿಗುವ ಅಕೂಸ್ಟಿಕ್ ಬೇಸ್ ಗಿಟಾರಿನ ಒಡಲು ಮಾಮೂಲಿ ಗಿಟಾರಿಗಿಂತ ಸ್ವಲ್ಪವೇ ದೊಡ್ಡದು. ಎಳೆಗರುವಿಗೆ ನೇಗಿಲು ಕಟ್ಟಿದ ಹಾಗೆ. ಈಗ ಬರುವ ಹೆಚ್ಚಿನವುಗಳ ಒಳಗೆ ಪಿಕಪ್, 9 ವೋಲ್ಟ್ ಬ್ಯಾಟರಿ, ವೈರ್ ಸಿಕ್ಕಿಸುವ ತೂತು ಎಲ್ಲ ಇರುತ್ತೆ. ಆ ತೂತು ಕಂಡಾಗಲೇ ನನಗೆ ಅರ್ಥವಾಗಬೇಕಿತ್ತು. ಮಾಡಿದವರೇ ಇದನ್ನು ಆಂಪ್ಲಿಫೈಯರಿಗೆ ಸಿಕ್ಕಿಸುತ್ತಾರೆ ಅಂತ ಲೆಕ್ಕ ಹಾಕಿ ಮಾಡಿದ್ದಾರೆ. ಒಬ್ಬನೇ ಮನೆಯಲ್ಲಿ ಅಭ್ಯಾಸ ಮಾಡಲು ಅದು ಚೆನ್ನ. ಬೀದಿಗೆ ಸಾಲದು.

ಹೊರಗಿನವರು ಏನು ಮಾಡಿದರು?

ಈ ತಾಪತ್ರಯ ನಮ್ಮೊಬ್ಬರದ್ದೇ ಅಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಬೇಸ್ ನುಡಿಸಲು ಡಬಲ್ ಬೇಸ್ ಅಂತ ಇದೆ. ಆಳೆತ್ತರದ ವಾದ್ಯ, ನಿಂತುಕೊಂಡೋ ಎತ್ತರದ ಸ್ಟೂಲಿನ ಮೇಲೆ ಕೂತೋ ನುಡಿಸುತ್ತಾರೆ. ಅಷ್ಟು ದೊಡ್ಡದಾದರೂ ಗದ್ದಲದ ಬ್ಯಾಂಡುಗಳಲ್ಲಿ ಅದರ ಸದ್ದು ಮುಳುಗಿಹೋಗುತ್ತಿತ್ತು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಅದು ಗೆಲ್ಲಲು ಈ ಕಷ್ಟವೂ ಒಂದು ಕಾರಣ.

ಮೆಕ್ಸಿಕೋದ ಮರಿಯಾಚಿ ತಂಡಗಳು ಬೇರೆ ದಾರಿ ಹಿಡಿದವು. ಮದುವೆ, ಬೀದಿ, ಚೌಕ, ಎಲ್ಲಿ ಬೇಕಾದರೂ ನಡೆದಾಡುತ್ತಾ ನುಡಿಸುವವರು ಅವರು. ಅವರ ಬೇಸ್ ವಾದ್ಯದ ಹೆಸರು ಗಿಟಾರೋನ್. ಆರು ದಪ್ಪ ತಂತಿ, ಹಿಂಬದಿ ಬಸುರಿ ಹೊಟ್ಟೆಯಂತೆ ಉಬ್ಬಿರುತ್ತೆ. ಒಂದೇ ಸ್ವರದ ತಗ್ಗಿನದ್ದು ಒಂದು, ಎತ್ತರದ್ದು ಒಂದು, ಹೀಗೆ ಎರಡು ತಂತಿಯನ್ನು ಒಟ್ಟಿಗೆ ಎಳೆದು ಬಿಡುತ್ತಾರೆ. ತಗ್ಗಿನ ಸ್ವರ ಕಿವಿಗೆ ಬೀಳದಿದ್ದರೂ ಎತ್ತರದ್ದು ಅದಕ್ಕೆ ಆಸರೆ ಕೊಡುತ್ತೆ. ಇನ್ನೊಂದು ವಿಷಯ, ಗಿಟಾರೋನಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ 55 ಸಲ ಅದುರುತ್ತೆ. 41ರವರೆಗೆ ಇಳಿಯುವ ಹಟವನ್ನೇ ಅವರು ಮಾಡಲಿಲ್ಲ.

1972ರಲ್ಲಿ ಅಮೆರಿಕದ ಎರ್ನಿ ಬಾಲ್ ಕಂಪನಿ ಅರ್ತ್‌ವುಡ್ ಅನ್ನುವ ಅಕೂಸ್ಟಿಕ್ ಬೇಸ್ ಗಿಟಾರ್ ತಂದಿತು. ಕೆಲವು ಅರ್ತ್‌ವುಡ್‌ಗಳ ಒಡಲು 8 ಇಂಚಿಗೂ ಹೆಚ್ಚು ಆಳ. ಮಾಮೂಲಿ ಗಿಟಾರ್ 4ರಿಂದ 5 ಇಂಚು ಇರುತ್ತೆ. ತೊಡೆಯ ಮೇಲೆ ಇಟ್ಟರೆ ಕೈ ಸುತ್ತಿ ಬರುವುದೇ ಕಷ್ಟ. 1985ರ ಹೊತ್ತಿಗೆ ಅದರ ತಯಾರಿ ನಿಂತುಹೋಯಿತು. ಸದ್ದು ಇರುವುದಕ್ಕೆ ಕೈ ಸಾಲದು, ಕೈಗೆ ಸಿಗುವುದಕ್ಕೆ ಸದ್ದು ಸಾಲದು. ಈ ವಾದ್ಯದ ಹಣೆಬರಹವೇ ಇಷ್ಟು.

ಆದರೂ ಆ ಅರ್ತ್‌ವುಡ್ ಹಿಡಿದು ಬೀದಿಯಲ್ಲಿ ನಿಂತು ಗೆದ್ದವರಿದ್ದಾರೆ. ಅಮೆರಿಕದ ಮಿಲ್ವಾಕಿ ಊರಿನ ವಯೊಲೆಂಟ್ ಫೆಮ್ಸ್ ಅನ್ನುವ ಮೂರೇ ಜನರ ತಂಡ. 1981ರಲ್ಲಿ ಅವರು ಒಂದು ಥಿಯೇಟರಿನ ಹೊರಗೆ ರಸ್ತೆಯಲ್ಲಿ ಹಾಡುತ್ತಿದ್ದಾಗ, ಒಳಗೆ ಕಾರ್ಯಕ್ರಮ ಕೊಡಲು ಬಂದಿದ್ದ ಪ್ರಿಟೆಂಡರ್ಸ್ ಎಂಬ ದೊಡ್ಡ ತಂಡದವರು ಕೇಳಿಸಿಕೊಂಡು ಅವರಿಗೂ ವೇದಿಕೆ ಕೊಟ್ಟರು. 1983ರಲ್ಲಿ ಮೊದಲ ಆಲ್ಬಂ ಬಂತು. ಬೇಸ್ ನುಡಿಸಿದವರು ಬ್ರಯಾನ್ ರಿಚ್ಚಿ. ಅವರ ವಾದ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಡ್ರಮ್ ಬಾರಿಸುತ್ತಿದ್ದ ವಿಕ್ಟರ್ ಡಿಲೊರೆಂಜೊ. ಅವರು ದೊಡ್ಡ ಡ್ರಮ್ ಸೆಟ್ ಬಿಟ್ಟು, ಒಂದು ಸಣ್ಣ ಡ್ರಮ್ ಇಟ್ಟುಕೊಂಡು, ಕೋಲಿನ ಬದಲು ಬ್ರಶ್ಶಿನಲ್ಲಿ ನುಡಿಸುತ್ತಿದ್ದರು. ಅಂದರೆ ಅಲ್ಲಿ ಬೇಸ್ ದೊಡ್ಡದಾಗಿತ್ತು, ಜೊತೆಗಾರರೂ ಸಣ್ಣಗಾಗಿದ್ದರು. ಎರಡೂ ಸೇರಿದ್ದಕ್ಕೆ ಕೇಳಿಸಿತು.

ನಮ್ಮ ಜಗಲಿಯಲ್ಲಿ ಆದದ್ದು

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಾನು ಹುಡುಗನ ಮನೆಗೆ ಹೋಗಿ ತಪ್ಪಾಯಿತು ಅಂದೆ. "ಬಿಡಣ್ಣ, ನಂಗೆ ಬರಲ್ಲ ಅಂತ ಗೊತ್ತಾಯ್ತು" ಅಂದ. ಆ ಮಾತು ನನಗೆ ಈಗಲೂ ಚುಚ್ಚುತ್ತೆ. ಬರುತ್ತಿತ್ತು, ನಾವು ಕೇಳಿಸಿಕೊಳ್ಳಲಿಲ್ಲ ಅಷ್ಟೆ.

ಒಂದು ಸಂಜೆ ಎಲ್ಲರನ್ನೂ ಶಾಲೆಯ ಜಗಲಿಗೆ ಕರೆದೆವು. ಮೂರು ಕಡೆ ಗೋಡೆ, ಮೇಲೆ ಮಾಡು. ಹುಡುಗನನ್ನು ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರಿಸಿದೆವು. ಗೋಡೆ ಹತ್ತಿರವಿದ್ದರೆ ತಗ್ಗಿನ ಸದ್ದು ಚದುರುವುದಿಲ್ಲ, ಮುಂದಕ್ಕೆ ಬರುತ್ತೆ. ತಮಟೆ ಕೆಳಗಿಟ್ಟೆವು, ಕಂಜೀರ ಮಾತ್ರ. ಎರಡು ಗಿಟಾರಿನಲ್ಲಿ ಒಂದನ್ನು ನಿಲ್ಲಿಸಿದೆವು. ಹಳೇ ತಂತಿ ತೆಗೆದು ಹೊಸ ಕಂಚಿನ ತಂತಿ ಹಾಕಿದ್ದೆವು. ಹುಡುಗ ಬೆರಳು ಬಿಟ್ಟು ಪ್ಲೆಕ್ಟ್ರಮ್ ಹಿಡಿದು, ತೀರಾ ದಪ್ಪ ತಂತಿ ಬಿಟ್ಟು, ಮೇಲಿನ ತಂತಿಗಳಲ್ಲೇ ನುಡಿಸಿದ.

ಕೇಳಿಸಿತು. ಹಾಡಿನ ಕೆಳಗೆ ಯಾರೋ ಜಮಖಾನ ಹಾಸಿದ ಹಾಗೆ ಆಯಿತು. ಬೈದಿದ್ದ ಹಿರಿಯರು ಹಾಡು ನಿಲ್ಲಿಸಿ "ಇದಾ ಅದು?" ಅಂದರು.

ಆದರೆ ಬಯಲಿಗೆ ಬಂದರೆ ಮತ್ತೆ ಅದೇ ಕಥೆ. ಅಲ್ಲಿ ಗೋಡೆಯೂ ಇಲ್ಲ, ಮಾಡೂ ಇಲ್ಲ. ಹಾಗಾಗಿ ಈಗ ನಾವು ಕಾರ್ಯಕ್ರಮವನ್ನೇ ಎರಡು ಭಾಗ ಮಾಡಿದ್ದೇವೆ. ಕಟ್ಟೆಯ ಹತ್ತಿರ, ಸಂತೆಯಲ್ಲಿ ತಮಟೆಯೇ ನಮ್ಮ ಬೇಸ್. ಜಗಲಿ, ಅಂಗನವಾಡಿ, ಸಮುದಾಯ ಭವನದಲ್ಲಿ ತಮಟೆಗೆ ವಿಶ್ರಾಂತಿ, ಹುಡುಗನ ಸರದಿ.

"ನಮ್ಮ ಹಿರಿಯರು ಬೇಸ್ ಇಟ್ಟುಕೊಂಡಿದ್ದರಾ? ಯಾಕೆ ಬೇಕಿತ್ತು ಇದೆಲ್ಲ?" ಅಂತ ಕೇಳುವವರಿದ್ದಾರೆ. ಹೊಸ ವಾದ್ಯ ಹಿಡಿಯಬೇಡಿ ಅಂತ ಹುಡುಗರಿಗೆ ಹೇಳುವುದು ನನಗೆ ಒಪ್ಪಿಗೆ ಇಲ್ಲ. ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ, ಈಗ ಅದಿಲ್ಲದೆ ನಮ್ಮ ಕಂಪನಿ ನಾಟಕವನ್ನು ನೆನೆಸಿಕೊಳ್ಳುವುದೂ ಕಷ್ಟ. ಹಾಗೇ, ಕೇಳಿಸದೇ ಇದ್ದರೆ ಇನ್ನೂ ಜೋರಾಗಿ ಹೊಡಿ ಅನ್ನುವುದೂ ಒಪ್ಪಿಗೆ ಇಲ್ಲ. ತಂಡ ಅಂದ ಮೇಲೆ ಒಬ್ಬನ ಸದ್ದು ಕೇಳಿಸಲು ಇನ್ನೊಬ್ಬ ಕೈ ತಡೆಯಲೇಬೇಕು.

ಕೊಳ್ಳುವ ಮುಂಚೆ

ನೀವೂ ಭಜನೆಗೋ, ನಾಟಕಕ್ಕೋ ಇಂಥದ್ದನ್ನು ತರುವ ಯೋಚನೆಯಲ್ಲಿದ್ದರೆ ನಾಲ್ಕು ಮಾತು.

ಅಂಗಡಿಗೆ ಒಬ್ಬರೇ ಹೋಗಬೇಡಿ. ವಾದ್ಯ ಅಪ್ಪಿಕೊಂಡವನಿಗೆ ಅದರ ಅದುರು ಹೊಟ್ಟೆಗೇ ತಾಗುತ್ತೆ, ಜೋರಾಗಿದೆ ಅನ್ನಿಸುತ್ತೆ. ನಾನು ಮೋಸ ಹೋದದ್ದೇ ಅಲ್ಲಿ. ಜೊತೆಗಾರನನ್ನು ಹದಿನೈದು ಅಡಿ ದೂರ, ಆದರೆ ಅಂಗಡಿಯ ಹೊರಗೆ ನಿಲ್ಲಿಸಿ ನುಡಿಸಿ.

ನಿಮ್ಮ ತಂಡದ ಜೋರಾದ ವಾದ್ಯವನ್ನು ಜೊತೆಗೆ ಒಯ್ಯಿರಿ. ಎರಡನ್ನೂ ಒಟ್ಟಿಗೆ ನುಡಿಸಿ ನೋಡಿ. ಅಂಗಡಿಯವರು ಬೇಡ ಅಂದರೆ ಬೇರೆ ಅಂಗಡಿ ನೋಡಿ.

ಒಡಲು ಎಷ್ಟು ಆಳ ಅಂತ ಅಳೆಯಿರಿ. ಒಡಲು ತೆಳ್ಳಗಿದ್ದು ನೋಡಲು ಚಂದ ಇರುವುದನ್ನು ಕರೆಂಟಿಲ್ಲದ ಜಾಗಕ್ಕೆ ತರಬೇಡಿ.

ಬಯಲಲ್ಲೇ ನುಡಿಸುವುದಾದರೆ, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಆಂಪ್ಲಿಫೈಯರಿಗೂ ಮೊದಲೇ ದುಡ್ಡು ಎತ್ತಿಡಿ, ಅದಕ್ಕೆ ಅನುಮತಿಯನ್ನೂ ಕೇಳಿಕೊಳ್ಳಿ. ಅದು ಆಗದಿದ್ದರೆ ಆ 16,000 ರೂಪಾಯಿಯಲ್ಲಿ ಒಂದು ಡೊಳ್ಳು ತನ್ನಿ.

ಇಷ್ಟೆಲ್ಲ ಆದ ಮೇಲೂ ಕೇಳಿಸಲಿಲ್ಲ ಅಂದರೆ ಹುಡುಗನನ್ನು ಬೈಯಬೇಡಿ. ಮೊದಲು ತಮಟೆ ಕೆಳಗಿಡಿ. ನಮ್ಮ ಹುಡುಗನ ಬೆರಳಿನ ಬೊಬ್ಬೆ ಒಣಗಿದೆ. ಮುಂದಿನ ಭಾನುವಾರ ಪಕ್ಕದೂರಿನ ಸಮುದಾಯ ಭವನದಲ್ಲಿ ಅವನೇ ಮೊದಲು ನುಡಿಸುವುದು. ನಾವು ಆಮೇಲೆ ಸೇರಿಕೊಳ್ಳುತ್ತೇವೆ.