ದುರ್ಬೀನು ಕೊಳ್ಳುವ ಮುನ್ನ



ರಜೆ ಸಮೀಪಿಸಿದಂತೆ ಮಕ್ಕಳ ಬೇಡಿಕೆಗಳ ಪಟ್ಟಿ ಬೆಳೆಯುತ್ತದೆ. ಸೈಕಲ್, ಕ್ರಿಕೆಟ್ ಬ್ಯಾಟ್, ಮೊಬೈಲ್‌ಗಳ ನಡುವೆ ನಿಮ್ಮ ಮಗನೋ ಮಗಳೋ "ಅಬ್ಬಾ, ಹಕ್ಕಿ ನೋಡೋಕೆ ಒಂದು ದುರ್ಬೀನು ಕೊಡ್ಸಿ" ಎಂದು ಕೇಳಿದರೆ ದಯವಿಟ್ಟು ಗದರಿಸಬೇಡಿ. ಸೂರಃ ಅಲ್ ಮುಲ್ಕ್‌ನಲ್ಲಿ ಅಲ್ಲಾಹನು, ನಮ್ಮ ತಲೆಯ ಮೇಲೆ ರೆಕ್ಕೆ ಬಿಚ್ಚಿ ಮಡಚುತ್ತಾ ಹಾರುವ ಹಕ್ಕಿಗಳತ್ತ ನಮ್ಮ ಗಮನ ಸೆಳೆದಿದ್ದಾನೆ. ಆ ನೋಟವನ್ನು ಬಯಸುವ ಮಗುವಿನ ಕುತೂಹಲ ಒಳ್ಳೆಯ ಕುತೂಹಲ.

ನೋಡಲು ದೂರ ಹೋಗಬೇಕಾಗಿಯೂ ಇಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದರೆ ರೇಷ್ಮೆ ಗೂಡು, ಬಣ್ಣದ ಗೊಂಬೆ, ಬಂಡೆಬೆಟ್ಟ ಎಂದಷ್ಟೇ ನಾವು ಹೇಳಿಕೊಳ್ಳುತ್ತೇವೆ. ಆದರೆ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟಿದ ಕಾರಣದಿಂದಲೇ 2012ರಲ್ಲಿ ಅದು ರಣಹದ್ದು ಧಾಮವೆಂದು ಘೋಷಿತವಾಯಿತು. ದೇಶದಲ್ಲಿ ಅಂತಹ ಧಾಮ ಅದೇ ಮೊದಲನೆಯದು. ಮಾಗಡಿಯ ಸಾವನದುರ್ಗದಲ್ಲಿ ಹಳದಿ ಕತ್ತಿನ ಪಿಕಳಾರವಿದೆ. ದಕ್ಷಿಣ ಭಾರತದ ಬಂಡೆಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ವಾಸಿಸುವುದಿಲ್ಲ. ಚನ್ನಪಟ್ಟಣದವರಿಗೆ ಕಣ್ವ ಜಲಾಶಯ ಹತ್ತಿರ. ಕನಕಪುರದವರಿಗೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮವಿದೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳಿಗೆ ಅಲ್ಲಿ ಬರವಿಲ್ಲ.

ಇನ್ನು ಕೊಳ್ಳುವ ಮಾತು. ದುರ್ಬೀನಿನ ಮೇಲೆ 8×25 ಎಂದು ಬರೆದಿದ್ದರೆ, ಮೊದಲ ಅಂಕಿ ಅದು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡಿ. ಬರುವ ಉತ್ತರ, ಅಂದರೆ 3 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ದುರ್ಬೀನಿನಿಂದ ಹೊರಬಂದು ನಿಮ್ಮ ಕಣ್ಣನ್ನು ಸೇರುವ ಬೆಳಕಿನ ಅಗಲ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಯೇ ಹೊರತು ಕಣ್ಣಿನಿಂದ ಹೊರಡುವುದಿಲ್ಲ ಎಂದು 11ನೇ ಶತಮಾನದಲ್ಲೇ ವಿವರಿಸಿದವರು ಬಸ್ರಾದಲ್ಲಿ ಜನಿಸಿದ ವಿದ್ವಾಂಸ ಇಬ್ನುಲ್ ಹೈಸಮ್. ಆ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ.ನಷ್ಟೇ ತೆರೆದಿರುವುದರಿಂದ ಕಿಸೆಯಲ್ಲಿ ಹಿಡಿಸುವ 8×25 ಸಾಕಾಗುತ್ತದೆ. ಫಜ್ರ್‌ನ ನಂತರದ ಮಸುಕಿನಲ್ಲಿ ಮತ್ತು ಮಗ್ರಿಬ್ ಹೊತ್ತಿನಲ್ಲಿ ಪಾಪೆ ಹಿಗ್ಗುತ್ತದೆ. ಆಗ ಪುಟ್ಟ ದುರ್ಬೀನಿನ ಚಿತ್ರ ಮಂಕಾಗಿ ಕಾಣುವುದು ಸಹಜ, ಅದು ಅದರ ದೋಷವಲ್ಲ. ಬೆಳಕು ಹೆಚ್ಚು ಬೇಕೆಂದರೆ 8×42 ಕೊಳ್ಳಬೇಕು. ಆದರೆ ಅದು ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತದೆ. ಎಳೆಯ ಕುತ್ತಿಗೆಗೆ ಭಾರ.

ಅಂಗಡಿಯವರು 30 ಪಟ್ಟು, 50 ಪಟ್ಟು ಎಂದು ಆಸೆ ಹುಟ್ಟಿಸಿದರೆ ಅದೇ ಲೆಕ್ಕ ಮಾಡಿ. 30×22ರಲ್ಲಿ ಕಣ್ಣಿಗೆ ಬರುವ ಬೆಳಕಿನ ಅಗಲ ಒಂದು ಮಿ.ಮೀ. ಕೂಡ ಇಲ್ಲ. ಜೊತೆಗೆ ಕೈಯ ನಡುಕವೂ 30 ಪಟ್ಟು ಹಿಗ್ಗುತ್ತದೆ. ಹಕ್ಕಿ ಕಾಣುವುದಿಲ್ಲ, ತಲೆನೋವು ಬರುತ್ತದೆ. ಕಡಿಮೆ ಬೆಲೆಯ ಜೂಮ್ ದುರ್ಬೀನು, ಕೆಂಪಗೆ ಮಿರುಗುವ ಗಾಜಿನ ದುರ್ಬೀನುಗಳೂ ಬೇಡ. ದುಡ್ಡು ಹೆಚ್ಚು ಖರ್ಚಾದರೆ ಮಾತ್ರ ದುಂದುವೆಚ್ಚವಲ್ಲ. ಉಪಯೋಗಕ್ಕೆ ಬಾರದ ವಸ್ತುವಿಗೆ ಕೊಟ್ಟ ಅಲ್ಪ ಹಣವೂ ದುಂದುವೆಚ್ಚವೇ.

ಕೊಳ್ಳುವಾಗ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ. ಎರಡು ಕೊಳವೆಗಳು ಅದರ ಪುಟ್ಟ ಮುಖಕ್ಕೆ ಹೊಂದುವಷ್ಟು ಹತ್ತಿರ ಬರುತ್ತವೆಯೇ ನೋಡಿ. ಅಂಗಡಿಯ ಬಾಗಿಲಲ್ಲಿ ನಿಂತು ರಸ್ತೆಯಾಚೆಯ ನಾಮಫಲಕವನ್ನು ನೋಡಿ. ಅಕ್ಷರಗಳು ಎರಡೆರಡಾಗಿ ಕಂಡರೆ ಅಥವಾ ಕಣ್ಣು ಎಳೆದಂತಾದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಮನೆಯಲ್ಲಿ ಯಾರಾದರೂ ಕನ್ನಡಕ ಧರಿಸುವವರಿದ್ದರೆ ಅವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಲಿ. ಕಣ್ಣಿಡುವ ಕಡೆಯ ರಬ್ಬರಿನ ಬಟ್ಟಲು ಕೆಳಗಿಳಿಯಬೇಕು. ಗಾಜಿನಿಂದ 15 ಮಿ.ಮೀ. ದೂರದಲ್ಲಿ ಕಣ್ಣಿಟ್ಟರೂ ದೃಶ್ಯ ಪೂರ್ತಿಯಾಗಿ ಕಾಣಬೇಕು. ದುರ್ಬೀನು ಮಗನೊಬ್ಬನದಾಗದೆ ಅಮ್ಮಿಯ ಕೈಗೂ ಅಕ್ಕನ ಕೈಗೂ ಬಂದಾಗಲೇ ಕೊಟ್ಟ ಹಣ ಸಾರ್ಥಕ.

ಮನೆಗೆ ತಂದ ಮೇಲೆ ಹೊಂದಿಸುವ ಕ್ರಮ ಹೀಗೆ: ಬಲಗಡೆಯ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ನಂತರ ಎಡಗಡೆಯದನ್ನು ಮುಚ್ಚಿ, ಬಲಗಣ್ಣಿನ ಬಳಿಯ ಉಂಗುರ ತಿರುಗಿಸಿ. ಬಳಿಕ ನಡುವಿನ ಚಕ್ರವೊಂದೇ ಸಾಕು. ಹಕ್ಕಿಯನ್ನು ಮೊದಲು ಬರಿಗಣ್ಣಿನಿಂದ ಗುರುತಿಸಿ, ನೋಟ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರುವುದನ್ನು ಕಲಿಸಿ. ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ದೃಷ್ಟಿ ಹೋಗಬಹುದು. ಈದ್‌ನ ಚಂದ್ರನನ್ನು ಹುಡುಕುವ ಮಕ್ಕಳಿಗೂ ಸೂರ್ಯ ಪೂರ್ತಿ ಮುಳುಗುವವರೆಗೆ ಕಾಯಲು ಹೇಳಿ.

ಇಷ್ಟು ಹೇಳಿದರೂ ಮುಖ್ಯ ವಿಷಯ ಉಳಿದಿದೆ. ದುರ್ಬೀನು ನಮ್ಮನ್ನು ಹಕ್ಕಿಯ ಹತ್ತಿರ ಒಯ್ಯುವುದಿಲ್ಲ, ದೂರದಲ್ಲೇ ನಿಲ್ಲಲು ಅನುಕೂಲ ಮಾಡಿಕೊಡುತ್ತದೆ. ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಒಳಸೇರಿ, ಮೂತ್ರಪಿಂಡ ಕೆಡಿಸಿ ಈ ಹಕ್ಕಿಗಳನ್ನು ದೇಶದಾದ್ಯಂತ ಕೊಂದಿತು. 2006ರಲ್ಲಿ ಸರಕಾರ ಅದರ ಪಶು ಬಳಕೆಯನ್ನು ನಿಷೇಧಿಸಿತು. ಅಳಿದುಳಿದ ಒಂದು ಗೂಡಿನ ಬಳಿ ಫೋಟೋ ಆಸೆಗೆ ಬಂಡೆ ಹತ್ತಿ, ಕೂಗಿ, ಕಲ್ಲೆಸೆದರೆ ಒಂದು ವರ್ಷದ ಸಂತಾನವೇ ನಷ್ಟವಾಗಬಹುದು. ಮರಿಗಳನ್ನು ಕಳೆದುಕೊಂಡು ಚಡಪಡಿಸುತ್ತಿದ್ದ ತಾಯಿಹಕ್ಕಿಯನ್ನು ಕಂಡು, ಅದರ ಮರಿಗಳನ್ನು ಮರಳಿಸುವಂತೆ ಪ್ರವಾದಿ(ಸ)ರು ಸಂಗಾತಿಗಳಿಗೆ ಆಜ್ಞಾಪಿಸಿದ ಘಟನೆ ಅಬೂದಾವೂದ್ ಸಂಗ್ರಹದಲ್ಲಿದೆ. ಅದನ್ನು ಮಕ್ಕಳಿಗೆ ಹೇಳಿಯೇ ಬೆಟ್ಟಕ್ಕೆ ಕರೆದೊಯ್ಯಿರಿ.

ಪಕ್ಷಿತಜ್ಞ ಸಲೀಂ ಅಲಿಯವರ ಬದುಕು ತಿರುಗಿದ್ದು ಬಾಲ್ಯದಲ್ಲಿ ತಾವೇ ಏರ್‌ಗನ್ನಿನಿಂದ ಹೊಡೆದುರುಳಿಸಿದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಮಚ್ಚೆಯನ್ನು ಕಂಡಾಗ. ಮುಂದೆ 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರೂ ಅವರೇ. ಇಂದಿನ ಮಗು ಅದೇ ಹಳದಿ ಮಚ್ಚೆಯನ್ನು ದುರ್ಬೀನಿನಲ್ಲಿ ಕಾಣಬಹುದು. ನೋಡಿ ಮುಗಿದ ಮೇಲೆ ಗುಬ್ಬಿ ಹಾರಿ ಹೋಗುತ್ತದೆ.

ಹಕ್ಕಿಗೆ ಸಲ್ಲುವ ಈ ಮರ್ಯಾದೆ ನೆರೆಯವರಿಗೂ ಸಲ್ಲಬೇಕು. ನಮ್ಮ ಮೊಹಲ್ಲಾಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ತಾರಸಿಯ ಮೇಲೆ ದುರ್ಬೀನು ಹಿಡಿದ ಹುಡುಗನನ್ನು ಕಂಡರೆ ಪಕ್ಕದ ಮನೆಯ ಸಹೋದರಿಗೆ ಮುಜುಗರವಾಗದೆ ಇರದು. ಪರರ ಮನೆಯೊಳಗೆ ಇಣುಕುವುದರ ವಿರುದ್ಧ ಪ್ರವಾದಿ(ಸ)ರು ಕಠಿಣವಾಗಿ ಎಚ್ಚರಿಸಿದ್ದಾರೆ. ದೂರದಿಂದ ಇಣುಕಿದರೂ ಅದು ಇಣುಕುವುದೇ. ಆದ್ದರಿಂದ ದುರ್ಬೀನಿನ ಜೊತೆಗೇ ಎರಡು ನಿಯಮಗಳನ್ನೂ ಮಗುವಿನ ಕೈಗೆ ಕೊಡಿ: ಕಿಟಕಿ ಬಾಗಿಲುಗಳತ್ತ ತಿರುಗಿಸಬಾರದು, ಕೆರೆ, ತೋಟ, ಬೆಟ್ಟಗಳಲ್ಲಿ ಮಾತ್ರ ಚೀಲದಿಂದ ಹೊರತೆಗೆಯಬೇಕು.

ದೃಷ್ಟಿಯೂ ಒಂದು ಅಮಾನತ್. ಏನನ್ನು ನೋಡಬೇಕು, ಎಷ್ಟು ದೂರದಿಂದ ನೋಡಬೇಕು ಎಂಬುದನ್ನು ಕಲಿತ ಮಗುವಿನ ಕೈಯಲ್ಲಿ ಪುಟ್ಟ 8×25 ಕೂಡ ದೊಡ್ಡ ಸಾಧನವಾದೀತು, ಇನ್ಶಾ ಅಲ್ಲಾಹ್.